ಆಕ್ಸಿಮೀಟರ್ 98 ಅಂದರೂ ಮೂರನೇ ಮಹಡಿಗೇ ಏದುಸಿರು ಯಾಕೆ?

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟು ನಿಂತು ಹನ್ನೊಂದು ದಿನವಾಗಿತ್ತು. ಏಳು ಮಹಡಿಯ ಕಟ್ಟಡ. ಅಣ್ಣನ ಮನೆ ಐದನೆಯದರಲ್ಲಿ. ಆ ಹನ್ನೊಂದು ದಿನಗಳಲ್ಲಿ ಕಟ್ಟಡದ ಅರ್ಧ ಜನರಿಗೆ ತಮ್ಮ ಉಸಿರಿನ ಯೋಚನೆ ಹತ್ತಿತು. 2021ರಲ್ಲಿ ಹೆದರಿಕೆಯಿಂದ ಕೊಂಡು, ಆಮೇಲೆ ಡ್ರಾಯರಿನ ಮೂಲೆ ಸೇರಿದ್ದ ಆಕ್ಸಿಮೀಟರ್‌ಗಳೆಲ್ಲ ಹೊಸ ಸೆಲ್ ಹಾಕಿಸಿಕೊಂಡು ಹೊರಗೆ ಬಂದವು.

ಅತ್ತಿಗೆಗೆ 46 ವರ್ಷ. ಮೂರನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ತರಕಾರಿ ಚೀಲ ಕೆಳಗಿಟ್ಟು, ಕಂಬಿ ಹಿಡಿದು ನಿಂತುಬಿಡುತ್ತಿದ್ದರು. ಎದೆ ಡಬಡಬ. ಅಣ್ಣ ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದ. 98. "ಆಕ್ಸಿಜನ್ ಫಸ್ಟ್ ಕ್ಲಾಸ್ ಉಂಟು ಮಾರಾಯ್ತಿ. ನಿನಗೆ ಹತ್ತಲಿಕ್ಕೆ ಉದಾಸೀನ, ಅಷ್ಟೇ" ಅಂದ.

ಪಕ್ಕದ ಮನೆಯ ಆಜಿ ಒಪ್ಪಲಿಲ್ಲ. ಅತ್ತಿಗೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ತಪಾಸೂನ್ ಘೇ" ಅಂದರು. ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 7.4. ಹೆಂಗಸರಿಗೆ ಕಡಿಮೆ ಅಂದರೂ 12 ಇರಬೇಕು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಕೇಳಿದರು: "ಮಿಷನ್ನಿನಲ್ಲಿ 98 ತೋರಿಸ್ತದೆ. ಮತ್ತೆ ಉಸಿರು ಯಾಕೆ ಸಾಲುವುದಿಲ್ಲ? ಅಷ್ಟಕ್ಕೂ ಈ ಆಕ್ಸಿಜನ್ ಒಳಗೆ ಹೋಗಿ ಮಾಡುವುದಾದರೂ ಏನು?"

ನಾನು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಈ ಪಾಠವನ್ನು ಎಷ್ಟು ವರ್ಷಗಳಿಂದ ಮಾಡಿದ್ದೇನೋ. ಆದರೂ ಅನ್ನ ಕಲಸುತ್ತ ಕೂತವರಿಗೆ ಹೇಳುವಾಗ ತಡವರಿಸಿದೆ. ಆವತ್ತು ಹೇಳಲು ಆಗದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಎರಡನೇ ಪ್ರಶ್ನೆ ಬಿಡಿಸಿದರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ.

98 ಯಾವುದರ ಲೆಕ್ಕ?

ಮೊದಲು ಆ ಮಿಷನ್ನಿನ ವಿಷಯ. ಆಕ್ಸಿಮೀಟರ್ ನಿಮ್ಮ ಬೆರಳಿನೊಳಗೆ ಎರಡು ಬೆಳಕು ಬಿಡುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಕ್ಸಿಜನ್ ಹೊತ್ತ ರಕ್ತ ಅಚ್ಚ ಕೆಂಪು, ಹೊರದ ರಕ್ತ ಸ್ವಲ್ಪ ಕಪ್ಪುಗೆಂಪು. ಯಾವ ಬೆಳಕು ಎಷ್ಟು ಒಳಗೇ ಉಳಿಯಿತು ಅನ್ನುವುದರ ಮೇಲೆ ಮಿಷನ್ ಲೆಕ್ಕ ಹಾಕುತ್ತದೆ. ನಾಡಿಯ ಬಡಿತದ ಜೊತೆಗೆ ಬೆಳಕು ಏರಿಳಿಯುವುದನ್ನು ಹಿಡಿದು ಇದನ್ನು ಅಳೆಯಬಹುದು ಎಂದು ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಒಯಾಗಿ, 1970ರ ದಶಕದ ಮೊದಲಲ್ಲಿ.

ಆಕ್ಸಿಜನ್ ಹೊರುವುದು ಹಿಮೋಗ್ಲೋಬಿನ್. ಇದು ಕೆಂಪು ರಕ್ತಕಣದೊಳಗಿನ ಪ್ರೋಟೀನು, ಒಂದೊಂದು ಕಣದಲ್ಲಿ ಸುಮಾರು 27 ಕೋಟಿ. ಪ್ರತಿಯೊಂದರಲ್ಲೂ ನಾಲ್ಕು ಕಬ್ಬಿಣದ ಪರಮಾಣು, ಒಂದೊಂದಕ್ಕೆ ಒಂದೊಂದು ಆಕ್ಸಿಜನ್ ಅಣು. 98 ಅಂದರೆ ಇರುವ ಆ ಸೀಟುಗಳಲ್ಲಿ ನೂರಕ್ಕೆ 98 ಭರ್ತಿ ಎಂದು ಅರ್ಥ. ಒಟ್ಟು ಸೀಟು ಎಷ್ಟು? ಅದನ್ನು ಮಿಷನ್ ಹೇಳುವುದೇ ಇಲ್ಲ.

ಮುಂಬಯಿಯವರಿಗೆ ಇದಕ್ಕೆ ಉದಾಹರಣೆ ಬೇರೆ ಹುಡುಕಬೇಕಾಗಿಲ್ಲ. ಕೆಂಪು ರಕ್ತಕಣ ಅಂದರೆ ಡಬ್ಬಾವಾಲಾ. ಮನೆಯಿಂದ ಡಬ್ಬಿ ಎತ್ತಿಕೊಂಡು ಆಫೀಸಿಗೆ ಮುಟ್ಟಿಸುವುದಷ್ಟೇ ಅವನ ಕೆಲಸ, ಅದನ್ನು ತೆಗೆದು ತಿನ್ನುವುದಿಲ್ಲ. ರಕ್ತಕಣವೂ ಹಾಗೆಯೇ. ತಾನು ಹೊತ್ತ ಆಕ್ಸಿಜನ್ನಿನಲ್ಲಿ ಒಂದು ತುಣುಕನ್ನೂ ಅದು ತಾನು ಬಳಸುವುದಿಲ್ಲ. ಬಳಸಲು ಬೇಕಾದ ಸಲಕರಣೆಯೇ ಅದರಲ್ಲಿಲ್ಲ. ಹುಟ್ಟುವ ಹೊತ್ತಿಗೇ ಕಳಚಿ ಹಾಕಿ ಬಂದಿರುತ್ತದೆ. ಸುಮಾರು 120 ದಿನ ಹೀಗೆ ಹೊತ್ತು ತಿರುಗಿ ಮುಗಿಯುತ್ತದೆ.

ದಾರಿಯಲ್ಲಿ ಬರುವ ಡಬ್ಬಾವಾಲಾಗಳ ಬುಟ್ಟಿ ತುಂಬಿದೆಯೇ ಎಂದು ಆಕ್ಸಿಮೀಟರ್ ನೋಡುತ್ತದೆ. ಎಷ್ಟು ಜನ ಡಬ್ಬಾವಾಲಾಗಳು ಬಂದಿದ್ದಾರೆ, ಆಫೀಸಿನಲ್ಲಿ ಊಟ ಆಯಿತೇ, ಇದೆಲ್ಲ ಅದರ ಕಣ್ಣಿಗೆ ಬೀಳುವುದಿಲ್ಲ.

ನಿಜವಾದ ಉಸಿರಾಟ ಎದೆಗೂಡಿನಲ್ಲಲ್ಲ

ಉಸಿರಾಟ ಅಂದ ಕೂಡಲೇ ನಮ್ಮ ಕೈ ಎದೆಯ ಮೇಲೆ ಹೋಗುತ್ತದೆ. ಶ್ವಾಸಕೋಶ ಅಂದರೆ ನಿಜವಾಗಿ ಒಂದು ದೊಡ್ಡ ಸ್ಟೇಷನ್, ಹತ್ತುವುದು ಇಳಿಯುವುದು ಮಾತ್ರ ಅಲ್ಲಿ. ಆಕ್ಸಿಜನ್ ಖರ್ಚಾಗುವುದು ಜೀವಕೋಶಗಳ ಒಳಗೆ. ಕಾಲಿನ ಸ್ನಾಯುವಿನಲ್ಲಿ, ಮಿದುಳಿನಲ್ಲಿ, ಲಿವರ್‌ನಲ್ಲಿ, ಈಗ ಇದನ್ನು ಓದುತ್ತಿರುವ ಕಣ್ಣಿನಲ್ಲಿ.

ಗಾಳಿಯಲ್ಲಿ ಆಕ್ಸಿಜನ್ ಶೇ 21. ನಾವು ಹೊರಗೆ ಬಿಡುವ ಉಸಿರಿನಲ್ಲಿ ಇನ್ನೂ ಶೇ 16ರಷ್ಟು ಇರುತ್ತದೆ. ಅಂದರೆ ಒಳಗೆ ಹೋದದ್ದರಲ್ಲಿ ಕಾಲು ಭಾಗದಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ವಾಪಸ್ ಕಳಿಸುತ್ತೇವೆ. ಸುಮ್ನೆ ಕೂತವರಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಸಾಕು, ಒಂದು ದೊಡ್ಡ ಲೋಟದಷ್ಟು. ಮೆಟ್ಟಿಲು ಹತ್ತುವಾಗ ಅದರ ಏಳೆಂಟು ಪಟ್ಟು ಬೇಕಾಗುತ್ತದೆ.

ಇದು ಒಂದು ಬಗೆಯ ಉರಿಯುವಿಕೆ ಎಂದು ಮೊದಲು ಲೆಕ್ಕ ಹಿಡಿದು ತೋರಿಸಿದವನು ಫ್ರಾನ್ಸಿನ ಲಾವೋಸಿಯೆ. 1782-83ರ ಚಳಿಗಾಲದಲ್ಲಿ ಅವನು ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಕೂರಿಸಿದರು. ಅದರ ಮೈಯ ಬಿಸಿಗೆ ಎಷ್ಟು ಮಂಜು ಕರಗಿತು, ಅದು ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿತು ಎಂದು ನೋಡಿದರು. ಇದ್ದಿಲು ಉರಿಸಿಯೂ ಅದೇ ಲೆಕ್ಕ ತೆಗೆದರು. ಎರಡೂ ಹತ್ತಿರ ಹತ್ತಿರ ಬಂದವು. ಪ್ರಾಣಿಯ ಉಸಿರಾಟ ಅಂದರೆ ನಿಧಾನವಾಗಿ ಉರಿಯುವ ಇದ್ದಿಲು ಎಂದು ಅವನು ಹೇಳಿದ. ಉರಿ ಶ್ವಾಸಕೋಶದಲ್ಲೇ ಇದೆ ಅಂದುಕೊಂಡದ್ದೊಂದು ತಪ್ಪು. ಇನ್ನೊಂದು ತಪ್ಪೂ ಅವನದ್ದೇ: ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರುತ್ತದೆ ಎಂದು ನಂಬಿ ಆಮ್ಲ ಹುಟ್ಟಿಸುವಂಥದ್ದು ಎಂಬ ಅರ್ಥದಲ್ಲಿ ಅದಕ್ಕೆ ಹೆಸರಿಟ್ಟ. ಆ ನಂಬಿಕೆ ಸುಳ್ಳಾಯಿತು. ಹೆಸರು ಮಾತ್ರ ಕನ್ನಡಕ್ಕೂ ಬಂದು ಆಮ್ಲಜನಕ ಎಂದು ಕೂತಿದೆ.

ಉರಿ ಅಂತೀರಿ, ಹಾಗಾದರೆ ನಮ್ಮ ಮೈ ಯಾಕೆ ಸುಡುವುದಿಲ್ಲ? ಒಂದು ಚಮಚ ಸಕ್ಕರೆಯನ್ನು ಬೆಂಕಿಗೆ ಹಾಕಿದರೆ ಅದರ ಶಕ್ತಿಯೆಲ್ಲ ಒಂದೇ ಸಲ ಬಿಸಿಯಾಗಿ ಹೋಗುತ್ತದೆ. ಜೀವಕೋಶ ಅದೇ ಸಕ್ಕರೆಯನ್ನು ಇಪ್ಪತ್ತಕ್ಕೂ ಜಾಸ್ತಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬಿಚ್ಚುತ್ತದೆ. ಐದನೇ ಮಹಡಿಯಿಂದ ಹಾರುವುದಕ್ಕೂ ಮೆಟ್ಟಿಲಿಳಿದು ಬರುವುದಕ್ಕೂ ಇರುವ ವ್ಯತ್ಯಾಸ ಇದು. ಇಳಿದ ಎತ್ತರ ಎರಡರಲ್ಲೂ ಒಂದೇ ಅಲ್ವಾ? ಒಂದೊಂದು ಮೆಟ್ಟಿಲಿನಲ್ಲೂ ಸಿಗುವ ಸ್ವಲ್ಪ ಶಕ್ತಿಯನ್ನು ಕೋಶ ಹಿಡಿದಿಟ್ಟುಕೊಳ್ಳುತ್ತದೆ.

ಎಟಿಪಿ ಅಂದರೆ ಚಿಲ್ಲರೆ

ಹಿಡಿದಿಡುವುದು ಎಟಿಪಿ ಎಂಬ ರೂಪದಲ್ಲಿ. ಪೂರ್ತಿ ಹೆಸರು ಅಡೆನೋಸಿನ್ ಟ್ರೈಫಾಸ್ಫೇಟ್. ಮೂರು ಫಾಸ್ಫೇಟ್ ತುಂಡುಗಳು ಸಾಲಾಗಿ ಅಂಟಿಕೊಂಡ ಸಣ್ಣ ಅಣು. ಕೊನೆಯ ತುಂಡು ಕಳಚಿದಾಗ ಶಕ್ತಿ ಸಿಗುತ್ತದೆ, ಅಣು ಎಡಿಪಿ ಆಗುತ್ತದೆ. ಮತ್ತೆ ತುಂಡು ಅಂಟಿಸಿದರೆ ಎಟಿಪಿ.

ಬಸ್ಸಿನಲ್ಲಿ ಐನೂರರ ನೋಟು ಚಾಚಿದರೆ ಕಂಡಕ್ಟರ್ ಹೇಗೆ ನೋಡುತ್ತಾನೆ ಗೊತ್ತಲ್ಲ. ಗ್ಲೂಕೋಸ್ ಅಂಥ ದೊಡ್ಡ ನೋಟು. ಸ್ನಾಯು ಬಿಗಿಯುವುದು, ನರ ಸಂದೇಶ ಕಳಿಸುವುದು, ಪ್ರೋಟೀನು ಹೆಣೆಯುವುದು, ಇವಕ್ಕೆಲ್ಲ ಚಿಲ್ಲರೆಯೇ ಬೇಕು. ಆ ಚಿಲ್ಲರೆ ಎಟಿಪಿ.

ಇದನ್ನು 1929ರಲ್ಲಿ ಸ್ನಾಯುವಿನಿಂದ ಬೇರ್ಪಡಿಸಿದವರಲ್ಲಿ ನಮ್ಮ ಪಕ್ಕದ ರಾಜ್ಯದವರೊಬ್ಬರಿದ್ದಾರೆ. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡುತ್ತಿದ್ದರು. ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅದೇ ವರ್ಷ ಬೇರೆಯಾಗಿ ಇದನ್ನೇ ಕಂಡುಕೊಂಡರು. ನನ್ನ ವಿದ್ಯಾರ್ಥಿಗಳಿಗೆ ಎಟಿಪಿ ಗೊತ್ತು, ಸುಬ್ಬರಾವ್ ಗೊತ್ತಿಲ್ಲ. ಪ್ರತಿ ವರ್ಷ ಕೇಳಿ ನೋಡುತ್ತೇನೆ.

ಈ ಚಿಲ್ಲರೆಯ ವಿಚಿತ್ರ ಏನೆಂದರೆ, ಕೂಡಿಡಲು ಆಗುವುದಿಲ್ಲ. ಇಡೀ ಮೈಯಲ್ಲಿ ಒಂದು ಹೊತ್ತಿಗೆ ಇರುವುದು ನೂರು ಗ್ರಾಂ ಆಸುಪಾಸು. ಜೋರಾಗಿ ಓಡಿದರೆ ಕೆಲವೇ ಸೆಕೆಂಡಿಗೆ ಮುಗಿಯುತ್ತದೆ. ಆದರೆ ಒಂದು ದಿನದಲ್ಲಿ ನಾವು ಖರ್ಚು ಮಾಡುವ ಎಟಿಪಿ ಹೆಚ್ಚುಕಡಿಮೆ ನಮ್ಮ ಮೈತೂಕದಷ್ಟು. ಅದೇ ಅಣುಗಳನ್ನು ಖಾಲಿ ಮಾಡಿ, ಮತ್ತೆ ತುಂಬಿ, ಮತ್ತೆ ಖಾಲಿ ಮಾಡಿ, ದಿನಕ್ಕೆ ನೂರಾರು ಸಲ ತಿರುಗಿಸುತ್ತೇವೆ. ಆಕ್ಸಿಜನ್ ನಿಂತ ಕೆಲವು ನಿಮಿಷಕ್ಕೇ ಮಿದುಳು ಹಾಳಾಗಲು ಶುರುವಾಗುವುದು ಇದಕ್ಕೇ. ಊಟವಿಲ್ಲದೆ ವಾರಗಟ್ಟಲೆ ಬದುಕಬಹುದು, ಕೊಬ್ಬು ದಾಸ್ತಾನಿದೆ. ಚಿಲ್ಲರೆ ದಾಸ್ತಾನಿಲ್ಲ.

ಆಕ್ಸಿಜನ್ ಇಲ್ಲದೆಯೂ ಆಗುತ್ತದೆ, ಆದರೆ ಗಿಟ್ಟುವುದಿಲ್ಲ

ಕೋಶ ಗ್ಲೂಕೋಸನ್ನು ಮೊದಲು ನಡುವೆ ಮುರಿಯುತ್ತದೆ. ಆರು ಇಂಗಾಲದ ಅಣು ಮೂರು ಮೂರರ ಎರಡು ತುಂಡಾಗುತ್ತದೆ. ಈ ತುಂಡಿಗೆ ಪೈರುವೇಟ್ ಎಂದು ಹೆಸರು. ಈ ಕೆಲಸಕ್ಕೆ ಆಕ್ಸಿಜನ್ ಬೇಡ. ಸಿಗುವ ಲಾಭ ಬರೀ 2 ಎಟಿಪಿ.

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆಯ ಬಾಯಿಗೆ ಬಂದಿರುವುದನ್ನು ನೋಡಿದ್ದೀರಲ್ಲ? ಆ ದಪ್ಪ ಹಿಟ್ಟಿನೊಳಗೆ ಆಕ್ಸಿಜನ್ ಸುಳಿಯುವುದಿಲ್ಲ. ಒಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಅರ್ಧಕ್ಕೆ ಮುರಿದು, ಸಿಕ್ಕಿದ ಪುಡಿಗಾಸಿನಲ್ಲೇ ಬದುಕುತ್ತವೆ. ಹುಳಿ ಅವು ಬಿಟ್ಟ ಲ್ಯಾಕ್ಟಿಕ್ ಆಮ್ಲ, ಉಬ್ಬು ಅವು ಬಿಟ್ಟ ಅನಿಲ. ಸಕ್ಕರೆಯ ಶಕ್ತಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಹಿಟ್ಟಿನಲ್ಲೇ ಉಳಿದಿರುತ್ತದೆ. ಅದು ನಮ್ಮ ಲಾಭ, ಇಡ್ಲಿ ತಿನ್ನುವವರು ನಾವು.

ಲೋಕಲ್ ಹೊರಟುಬಿಡುತ್ತದೆ ಎಂದು ಬ್ರಿಜ್ಜಿನ ಮೆಟ್ಟಿಲು ಓಡಿ ಹತ್ತುವಾಗ ತೊಡೆಯ ಸ್ನಾಯು ಮಾಡುವುದೂ ಇದನ್ನೇ. ರಕ್ತ ತರುವ ಆಕ್ಸಿಜನ್ನಿಗೆ ಕಾಯಲು ಸಮಯವಿಲ್ಲ, ಸಕ್ಕರೆ ಮುರಿದು ಲ್ಯಾಕ್ಟೇಟ್ ಮಾಡಿ ಸದ್ಯಕ್ಕೆ ಸುಧಾರಿಸುತ್ತದೆ. ಮರುದಿನದ ಕಾಲುನೋವಿಗೆ ಈ ಲ್ಯಾಕ್ಟೇಟನ್ನು ದೂರುವುದು ಜಿಮ್ಮುಗಳಲ್ಲಿ ವಾಡಿಕೆ. ಅದು ಸರಿಯಲ್ಲ. ಲ್ಯಾಕ್ಟೇಟ್ ಗಂಟೆ ಎರಡು ಗಂಟೆಯೊಳಗೆ ಖಾಲಿ. ಹೃದಯ ಅದನ್ನು ಇಂಧನವಾಗಿ ಉರಿಸುತ್ತದೆ, ಲಿವರ್ ಅದರಿಂದ ಮತ್ತೆ ಗ್ಲೂಕೋಸ್ ಮಾಡುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಿಗಾದ ಸಣ್ಣ ಗಾಯಗಳದ್ದು.

ಮೈಟೊಕಾಂಡ್ರಿಯಾ: ಉಳಿದುಕೊಂಡ ನೆಂಟ

ಆಕ್ಸಿಜನ್ ಇದ್ದರೆ ಪೈರುವೇಟ್ ಮುಂದೆ ಮೈಟೊಕಾಂಡ್ರಿಯಾದ ಒಳಗೆ ಹೋಗುತ್ತದೆ. ಮೈಟೊಕಾಂಡ್ರಿಯಾ ಅಂದರೆ ಕೋಶದೊಳಗಿನ ಸಣ್ಣ ಚೀಲಗಳು. ಲಿವರ್‌ನ ಒಂದು ಕೋಶದಲ್ಲಿ ಸಾವಿರಕ್ಕೂ ಜಾಸ್ತಿ ಇರುತ್ತವೆ. ಹೃದಯದ ಸ್ನಾಯುಕೋಶದಲ್ಲಿ ಮೂರನೇ ಒಂದು ಭಾಗದಷ್ಟು ಜಾಗ ಇವಕ್ಕೇ. ನಾವು ಉಸಿರಾಡಿ ಬಳಸುವ ಆಕ್ಸಿಜನ್ನಿನಲ್ಲಿ ಶೇ 90ರಷ್ಟು ಇಲ್ಲೇ ಮುಗಿಯುತ್ತದೆ.

ಇವು ಮೂಲತಃ ನಮ್ಮವಲ್ಲ. ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಒಂದು ಕೋಶ ಇನ್ನೊಂದು ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಂಡಿತು. ಜೀರ್ಣ ಮಾಡಿಕೊಳ್ಳಲಿಲ್ಲ, ಇಟ್ಟುಕೊಂಡಿತು. 1967ರಲ್ಲಿ ಲಿನ್ ಮಾರ್ಗುಲಿಸ್ ಇದನ್ನು ಗಟ್ಟಿಯಾಗಿ ವಾದಿಸಿದಾಗ ಹೆಚ್ಚಿನವರು ನಂಬಲಿಲ್ಲ. ಇವತ್ತು ಅದು ಪಠ್ಯಪುಸ್ತಕದ ಮಾತು. ಮೈಟೊಕಾಂಡ್ರಿಯಾಗಳಿಗೆ ಈಗಲೂ ಅವುಗಳದ್ದೇ ಬೇರೆ ಡಿಎನ್‌ಎ ಇದೆ, 37 ಜೀನ್‌ಗಳದ್ದು.

ಮತ್ತೆ, ಇವು ಬರುವುದು ತಾಯಿಯಿಂದ ಮಾತ್ರ. ತುಳುನಾಡಿನ ಮನೆಗಳವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಬಳಿ, ಅಂದರೆ ತಾಯಿಯ ಕಡೆಯಿಂದ ಬರುವ ಕುಲ, ಹೇಗೆ ಸಾಗುತ್ತದೆಯೋ ಹಾಗೆ. ಮಗನಿಗೂ ಅಮ್ಮನ ಬಳಿ, ಮಗಳಿಗೂ ಅಮ್ಮನ ಬಳಿ, ಆದರೆ ಮುಂದಕ್ಕೆ ದಾಟಿಸುವುದು ಮಗಳು ಮಾತ್ರ. ನನ್ನದೂ ಅಣ್ಣನದೂ ಮೈಟೊಕಾಂಡ್ರಿಯಾ ನಮ್ಮ ಅಮ್ಮನದು, ಅಜ್ಜಿಯದು. ಅಣ್ಣನ ಮಕ್ಕಳದ್ದು ಅತ್ತಿಗೆಯ ತವರಿನದು.

ಒಳಗೆ ಹೋದ ಪೈರುವೇಟ್ ಒಂದು ಚಕ್ರದಂಥ ಸರಣಿಯಲ್ಲಿ ಪೂರ್ತಿ ಕಳಚಿಹೋಗುತ್ತದೆ. ಈ ಚಕ್ರವನ್ನು ಬಿಡಿಸಿದವರು ಹ್ಯಾನ್ಸ್ ಕ್ರೆಬ್ಸ್, 1937ರಲ್ಲಿ. ಅವರು ಕಳಿಸಿದ ಬರಹವನ್ನು ನೇಚರ್ ಪತ್ರಿಕೆ ಹಿಂದಕ್ಕೆ ಕಳಿಸಿತು. 1953ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಈ ಚಕ್ರದ ಎಂಟು ಹೆಸರುಗಳನ್ನು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ನಿಮಗೆ ಅದು ಬೇಡ. ಎರಡು ವಿಷಯ ಸಾಕು. ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಎಲೆಕ್ಟ್ರಾನುಗಳು ಮಾತ್ರ ಶಕ್ತಿ ತುಂಬಿಕೊಂಡು ಒಳಗೆ ಉಳಿಯುತ್ತವೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾವು ಎಳೆದುಕೊಂಡ ಆಕ್ಸಿಜನ್ ಏನಾಗುತ್ತದೆ ಎಂದು ಕ್ಲಾಸಿನಲ್ಲಿ ಕೇಳಿದರೆ ಎಲ್ಲರೂ ಒಂದೇ ಸ್ವರದಲ್ಲಿ "ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಬರುತ್ತದೆ ಸರ್" ಅನ್ನುತ್ತಾರೆ. ಅಲ್ಲ. ಹೊರಗೆ ಬರುವ ಆ ಅನಿಲದಲ್ಲಿರುವ ಆಕ್ಸಿಜನ್, ತಿಂದ ಆಹಾರದ್ದು ಮತ್ತು ಮೈಯೊಳಗಿನ ನೀರಿನದ್ದು. ಮೂಗಿನಿಂದ ಎಳೆದುಕೊಂಡದ್ದು ಇನ್ನೂ ರಂಗಕ್ಕೇ ಬಂದಿಲ್ಲ.

ಪಂಪು ಸೊಸೈಟಿಯದ್ದು, ಟರ್ಬೈನು ಖೋಪೋಲಿಯದ್ದು

ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆ. ಒಳಗಿನದು ಮಡಿಕೆ ಮಡಿಕೆಯಾಗಿರುತ್ತದೆ. ಆ ಪೊರೆಯಲ್ಲಿ ಕೆಲವು ಪ್ರೋಟೀನುಗಳು ಸಾಲಾಗಿ ಕೂತಿವೆ. ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತವೆ. ದಾಟಿದ ಹಾಗೆ ಶಕ್ತಿ ಇಳಿಯುತ್ತದೆ. ಇಳಿದ ಆ ಶಕ್ತಿಯಿಂದ ಮೂರು ಕಡೆ ಪಂಪು ನಡೆಯುತ್ತದೆ. ಪಂಪು ಎತ್ತುವುದು ಪ್ರೋಟಾನುಗಳನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ನನ್ನು. ಒಳಪೊರೆಯ ಒಳಗಿನಿಂದ ಅವನ್ನು ಎರಡು ಪೊರೆಗಳ ನಡುವಿನ ಸಂದಿಗೆ ದೂಡುತ್ತದೆ.

ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಐದಕ್ಕೆ ವಾಚ್‌ಮನ್ ಪಂಪು ಹಾಕುತ್ತಾನಲ್ಲ, ಕೆಳಗಿನ ತೊಟ್ಟಿಯಿಂದ ಟೆರೇಸಿನ ಟ್ಯಾಂಕಿಗೆ, ಅದೇ ರೀತಿ. ಮೇಲೆ ನೀರು ತುಂಬಿದರೆ ಅದಕ್ಕೆ ಕೆಳಗೆ ಬರುವ ಒತ್ತಡ ಇರುತ್ತದೆ. ಪ್ರೋಟಾನುಗಳಿಗೂ ವಾಪಸ್ ಬರುವ ಒತ್ತಡ ಇರುತ್ತದೆ. ಪೊರೆಯ ಎರಡು ಬದಿಯ ನಡುವೆ 150 ಮಿಲಿವೋಲ್ಟಿನಷ್ಟು ವ್ಯತ್ಯಾಸ. ಕೇಳಲು ಸಣ್ಣದು. ಆದರೆ ಪೊರೆ ಎಷ್ಟು ತೆಳು ಅಂದರೆ, ಅದೇ ಲೆಕ್ಕವನ್ನು ಒಂದು ಮೀಟರಿಗೆ ಹಿಗ್ಗಿಸಿದರೆ ಸುಮಾರು 3 ಕೋಟಿ ವೋಲ್ಟ್ ಆಗುತ್ತದೆ.

ಪ್ರೋಟಾನುಗಳಿಗೆ ವಾಪಸ್ ಬರಲು ಮುಖ್ಯ ದಾರಿ ಒಂದೇ, ಎಟಿಪಿ ಸಿಂಥೇಸ್ ಎಂಬ ಯಂತ್ರದ ಮೂಲಕ. ಯಂತ್ರ ಎಂದು ಸುಮ್ನೆ ಹೇಳುತ್ತಿಲ್ಲ. ಅದು ನಿಜವಾಗಿ ತಿರುಗುತ್ತದೆ. ಲೋಣಾವಳದ ಮೇಲಿನ ಕೆರೆಗಳ ನೀರನ್ನು ಪೈಪಿನಲ್ಲಿ ಘಟ್ಟದ ಕೆಳಗೆ ಖೋಪೋಲಿಗೆ ಬೀಳಿಸಿ, ಟರ್ಬೈನು ತಿರುಗಿಸಿ, 1915ರಿಂದ ಮುಂಬಯಿಯ ಗಿರಣಿಗಳಿಗೆ ಕರೆಂಟು ಕೊಟ್ಟರಲ್ಲ, ಪೊರೆಯೊಳಗೆ ನಡೆಯುವುದೂ ಅದೇ ಉಪಾಯ. ಪ್ರೋಟಾನ್ ಇಳಿಯುತ್ತದೆ, ಚಕ್ರ ತಿರುಗುತ್ತದೆ, ಒಂದು ಸುತ್ತಿಗೆ ಮೂರು ಎಟಿಪಿ. ಸೆಕೆಂಡಿಗೆ ನೂರರ ಆಸುಪಾಸು ಸುತ್ತು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಈ ಯಂತ್ರದ ತುದಿಗೆ ಹೊಳೆಯುವ ಒಂದು ಎಳೆ ಅಂಟಿಸಿ, ಅದು ಗರಗರ ತಿರುಗುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು.

ಪಂಪು ಮತ್ತು ಒತ್ತಡದ ಈ ವಿಚಾರವನ್ನು 1961ರಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ಪೀಟರ್ ಮಿಚೆಲ್. ಆಗ ಎಲ್ಲರೂ ಯಾವುದೋ ಒಂದು ಮಧ್ಯವರ್ತಿ ರಾಸಾಯನಿಕವನ್ನು ಹುಡುಕುತ್ತಿದ್ದರು. ಬರೀ ಒತ್ತಡವೇ ಸಾಕು ಎಂಬ ಮಾತು ಹಲವರಿಗೆ ಹುಚ್ಚಾಟವಾಗಿ ಕಂಡಿತು. ಮಿಚೆಲ್ ಕಾರ್ನ್‌ವಾಲಿನಲ್ಲಿ ಒಂದು ಹಳೆಯ ಬಂಗಲೆ ರಿಪೇರಿ ಮಾಡಿಸಿ, ಅಲ್ಲೇ ಸ್ವಂತ ಲ್ಯಾಬು ಮಾಡಿಕೊಂಡು ಕೆಲಸ ಮುಂದುವರಿಸಿದರು. 1978ರ ರಸಾಯನಶಾಸ್ತ್ರದ ನೊಬೆಲ್ ಅವರೊಬ್ಬರಿಗೇ ಬಂತು.

ಟ್ಯಾಂಕು ಸೋರಿದರೆ? ಟರ್ಬೈನು ತಿರುಗುವುದಿಲ್ಲ, ಶಕ್ತಿಯೆಲ್ಲ ಬರೀ ಬಿಸಿಯಾಗುತ್ತದೆ. ಹಸುಗೂಸುಗಳ ಬೆನ್ನಿನ ಕಂದು ಕೊಬ್ಬು ಬೇಕೆಂದೇ ಹೀಗೆ ಸೋರಿಸಿ ಮೈ ಬೆಚ್ಚಗಿಡುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು ತೂಕ ಇಳಿಸುವ ಗುಳಿಗೆಯಾಗಿ ಮಾರಿದರು. ಅದು ಈ ಪೊರೆಯನ್ನು ಸೋರುವಂತೆ ಮಾಡುತ್ತದೆ. ತೂಕ ಇಳಿಯಿತು, ಜೊತೆಗೆ ಕೆಲವರು ಮೈ ಕಾದು ಸತ್ತೂ ಹೋದರು.

ಒಟ್ಟು ಲೆಕ್ಕ: ಒಂದು ಗ್ಲೂಕೋಸಿಗೆ ಸುಮಾರು 30ರಿಂದ 32 ಎಟಿಪಿ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿರುತ್ತದೆ, ಮಕ್ಕಳು ಅದನ್ನೇ ಬರೆದು ಮಾರ್ಕು ತೆಗೆಯುತ್ತಾರೆ. ಯಾವುದೇ ಇರಲಿ, ಇಡ್ಲಿ ಹಿಟ್ಟಿನ 2ರ ಪಕ್ಕದಲ್ಲಿ ಇಟ್ಟು ನೋಡಿ.

ಕೊನೆಯ ಪ್ಲಾಟ್‌ಫಾರ್ಮು

ಈಗ ಆಕ್ಸಿಜನ್ನಿನ ಸರದಿ. ಇಷ್ಟೆಲ್ಲ ನಡೆಯುವವರೆಗೆ ಅದು ಎಲ್ಲೂ ಕೈ ಹಾಕಿಲ್ಲ. ಅದು ನಿಂತಿರುವುದು ಸಾಲಿನ ಕಟ್ಟಕಡೆಗೆ. ಶಕ್ತಿ ಇಳಿದು ಸುಸ್ತಾಗಿ ಬಂದ ಎಲೆಕ್ಟ್ರಾನುಗಳನ್ನು ಬರಮಾಡಿಕೊಂಡು, ಎರಡು ಪ್ರೋಟಾನು ಸೇರಿಸಿಕೊಂಡು, ನೀರಾಗುತ್ತದೆ. ಅಷ್ಟೇ ಅದರ ಕೆಲಸ. ನೀವು ಈಗ ಎಳೆದುಕೊಂಡ ಉಸಿರು ಒಳಗೆ ನೀರಾಗುತ್ತಿದೆ.

ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಬೆಲೆ ಯಾಕೆ? ಜುಲೈ ತಿಂಗಳ ಮಳೆ ನೆನಪು ಮಾಡಿಕೊಳ್ಳಿ. ಸಾಯನ್‌ನಲ್ಲಿ ಹಳಿಯ ಮೇಲೆ ನೀರು ನಿಂತು ಮುಂಬಯಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿ ಕಡೆ ಗಾಡಿ ಹೋಗುತ್ತಿಲ್ಲ. ಒಂದು ಲೋಕಲ್ ಕುರ್ಲಾದಲ್ಲಿ ನಿಲ್ಲುತ್ತದೆ, ಹಿಂದಿನದು ಘಾಟ್‌ಕೋಪರ್‌ನಲ್ಲಿ, ಅದರ ಹಿಂದಿನದು ಠಾಣೆಯಲ್ಲಿ. ಅರ್ಧ ಗಂಟೆಯಲ್ಲಿ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ನಮ್ಮ ಸ್ಟೇಷನ್ನಿನಲ್ಲಿ ಏನೂ ಕೆಟ್ಟಿಲ್ಲ. ಕೆಟ್ಟದ್ದು ಮುಂದೆ ಎಲ್ಲೋ.

ಆಕ್ಸಿಜನ್ ಇಲ್ಲದಿದ್ದರೆ ಹೀಗೇ ಆಗುತ್ತದೆ. ಕೊನೆಯ ಎಲೆಕ್ಟ್ರಾನಿಗೆ ಇಳಿಯಲು ಜಾಗವಿಲ್ಲ, ಅದರ ಹಿಂದಿನದು ನಿಂತಿತು, ಪಂಪು ನಿಂತಿತು, ಟರ್ಬೈನು ನಿಂತಿತು, ಕ್ರೆಬ್ಸ್ ಚಕ್ರವೂ ನಿಂತಿತು. ಉಳಿಯುವುದು ಆ 2 ಎಟಿಪಿಯ ಪುಡಿಗಾಸು. ಮಿದುಳು ಮೈತೂಕದ ಶೇ 2 ಇದ್ದು ಶೇ 20ರಷ್ಟು ಆಕ್ಸಿಜನ್ ತಿನ್ನುವ ಅಂಗ. ಅದಕ್ಕೆ ಈ ಪುಡಿಗಾಸು ಎಲ್ಲಿ ಸಾಕಾಗಬೇಕು?

ಸೈನೈಡ್ ಕೊಲ್ಲುವುದು ಈ ಕೊನೆಯ ಪ್ಲಾಟ್‌ಫಾರ್ಮನ್ನೇ ಮುಚ್ಚಿ. ಎಲೆಕ್ಟ್ರಾನನ್ನು ಆಕ್ಸಿಜನ್ನಿಗೆ ಒಪ್ಪಿಸುವ ಕೊನೆಯ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಆಕ್ಸಿಜನ್ ಬೇಕಾದಷ್ಟು ಇರುತ್ತದೆ, ಕೋಶಕ್ಕೆ ಬಳಸಲು ಆಗುವುದಿಲ್ಲ. ಡಬ್ಬಿ ಬಂದು ಮೇಜಿನ ಮೇಲೆ ಕೂತಿದೆ, ಮುಚ್ಚಳ ತೆರೆಯುವ ಹಾಗಿಲ್ಲ.

ನಮ್ಮ ಫ್ಲ್ಯಾಟುಗಳಲ್ಲಿ ಹತ್ತಿರದ ಅಪಾಯ ಸೈನೈಡ್ ಅಲ್ಲ, ಬಾತ್‌ರೂಮಿನ ಗ್ಯಾಸ್ ಗೀಸರ್. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಗ್ಯಾಸು ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹಿಮೋಗ್ಲೋಬಿನ್ನಿನ ಸೀಟಿಗೆ ಅದು ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ, ಸುಲಭಕ್ಕೆ ಏಳುವುದಿಲ್ಲ. ಹೀಗೆ ಅಂಟಿದ ರಕ್ತವೂ ಕೆಂಪಗೇ ಇರುವುದರಿಂದ ಆಕ್ಸಿಮೀಟರ್ ಮೋಸ ಹೋಗಿ 98 ಎಂದೇ ತೋರಿಸಬಹುದು. ತಲೆ ಸುತ್ತಿದವರನ್ನು ಹೊರಗಿನ ಗಾಳಿಗೆ ತಂದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬೆರಳಿಗೆ ಮಿಷನ್ ಸಿಕ್ಕಿಸಿ ಸಮಾಧಾನ ಮಾಡಿಕೊಳ್ಳಬಾರದು.

ಮೆಟ್ಟಿಲಿನ ಮೇಲೆ ಏನಾಗುತ್ತದೆ

ಮೆಟ್ಟಿಲು ಹತ್ತುವಾಗ ತೊಡೆ ಎಟಿಪಿಯನ್ನು ಖಾಲಿ ಮಾಡುತ್ತ ಹೋಗುತ್ತದೆ, ಎಡಿಪಿ ಜಮಾಯಿಸುತ್ತದೆ. ಎಡಿಪಿ ಜಾಸ್ತಿಯಾದರೆ ಟರ್ಬೈನು ಜೋರಾಗಿ ತಿರುಗುತ್ತದೆ, ಪಂಪು ಜೋರಾಗುತ್ತದೆ, ಆಕ್ಸಿಜನ್ ಜಾಸ್ತಿ ಖರ್ಚಾಗುತ್ತದೆ. ಅಂದರೆ ನಾವು ಜಾಸ್ತಿ ಉಸಿರಾಡಿದ್ದಕ್ಕೆ ಶಕ್ತಿ ಬರುವುದಲ್ಲ. ಶಕ್ತಿ ಖರ್ಚಾದದ್ದಕ್ಕೆ ಉಸಿರು ಜಾಸ್ತಿ ಬೇಕಾಗುವುದು. ಕ್ಯಾನಿನಲ್ಲಿ ಮಾರುವ ಆಕ್ಸಿಜನ್ ಆರೋಗ್ಯವಂತರಿಗೆ ಸಮುದ್ರಮಟ್ಟದ ಈ ಊರಿನಲ್ಲಿ ದಂಡ ಎಂದು ನಾನು ಹೇಳುವುದು ಇದಕ್ಕೇ. ಸೀಟು ಈಗಾಗಲೇ 98 ಭರ್ತಿ. ಇನ್ನೆರಡು ತುಂಬಿ ಏನು ಬಂತು?

ಉಸಿರು ಜೋರು ಮಾಡಿಸುವುದು ಮುಖ್ಯವಾಗಿ ಆಕ್ಸಿಜನ್ನಿನ ಕೊರತೆಯೂ ಅಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಹುಳಿ ಏರುತ್ತಿದೆಯೇ ಎಂದು ಮಿದುಳಿನ ಬುಡ ಕಾಯುತ್ತಿರುತ್ತದೆ. ಏರುವ ಸೂಚನೆ ಸಿಕ್ಕ ಕೂಡಲೇ ಉಸಿರಿನ ವೇಗ ಏರಿಸುತ್ತದೆ.

ದಿನಾ ನಡೆಯುವವರಿಗೆ, ಜನವರಿಯ ಮ್ಯಾರಥಾನಿಗೆಂದು ತಿಂಗಳುಗಟ್ಟಲೆ ಓಡುವವರಿಗೆ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾಗಳೇ ಜಾಸ್ತಿಯಾಗುತ್ತವೆ. ಅದೇ ರಕ್ತ, ಅದೇ ಗಾಳಿ. ತಿರುಗುವ ಟರ್ಬೈನು ಮಾತ್ರ ಜಾಸ್ತಿ. ಕೂತೇ ಇರುವವರಲ್ಲಿ ಅವು ಕಡಿಮೆಯಾಗುತ್ತವೆ. ಹಾಂ, ಮೈಯ ಕೊಬ್ಬು ಕರಗಿದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಬೆವರಾಗಿ ಅಂದುಕೊಂಡಿರುತ್ತಾರೆ. ಅದರ ತೂಕದ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದಲೇ ಹೊರಗೆ ಹೋಗುತ್ತದೆ.

ಅತ್ತಿಗೆಯ ಲೆಕ್ಕ

ಈಗ 98 ಮತ್ತು 7.4. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಇದ್ದರೆ, ಶೇ 98 ಭರ್ತಿಯಾದಾಗ, ಸುಮಾರು 15.8 ಮಿಲಿಲೀಟರ್ ಆಕ್ಸಿಜನ್. 7.4 ಗ್ರಾಂ ಇದ್ದರೆ, ಅದೇ ಶೇ 98 ಭರ್ತಿಯಾದಾಗ, ಸುಮಾರು 9.7. ಬಂದ ಡಬ್ಬಾವಾಲಾಗಳ ಬುಟ್ಟಿಯೆಲ್ಲ ತುಂಬಿದೆ. ಬರಬೇಕಾದವರಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿ ಬಂದೇ ಇಲ್ಲ.

ಕೂತಿರುವಾಗ ಹೃದಯ ಸ್ವಲ್ಪ ಬೇಗ ಬಡಿದು ಇದನ್ನು ತೂಗಿಸುತ್ತದೆ. ಮೆಟ್ಟಿಲಿನಲ್ಲಿ ಏಳೆಂಟು ಪಟ್ಟು ಬೇಕಾದಾಗ ತೂಗುವುದಿಲ್ಲ. ತೊಡೆ ಬೇಗನೇ ಇಡ್ಲಿ ಹಿಟ್ಟಿನ ದಾರಿ ಹಿಡಿಯುತ್ತದೆ, ರಕ್ತ ಹುಳಿಯಾಗುತ್ತದೆ, ಮಿದುಳು ಉಸಿರು ಓಡಿಸುತ್ತದೆ. ಮೂರನೇ ಮಹಡಿಯ ಕಂಬಿ ಅಲ್ಲಿಗೆ ಬಂತು.

ಇನ್ನೊಂದು ವಿಷಯವಿದೆ. ಕಬ್ಬಿಣ ಬೇಕಾಗುವುದು ಹಿಮೋಗ್ಲೋಬಿನ್ನಿಗೆ ಮಾತ್ರ ಅಲ್ಲ. ಮೈಟೊಕಾಂಡ್ರಿಯಾದ ಪೊರೆಯಲ್ಲಿ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಪ್ರೋಟೀನುಗಳಲ್ಲೂ ಕಬ್ಬಿಣವೇ ಕೂತಿದೆ. ಹಾಗಾಗಿ ಕಬ್ಬಿಣ ಕಡಿಮೆಯಾದವರಿಗೆ ಹೊರುವವರೂ ಕಡಿಮೆ, ಆಫೀಸಿನಲ್ಲಿ ಕೆಲಸದವರೂ ಕಡಿಮೆ. ಸುಸ್ತು ಅನ್ನುವುದನ್ನು ನೆವ ಅನ್ನುವ ಮೊದಲು ಇದನ್ನು ನೆನಪಿಡಬೇಕು. ಏದುಸಿರಿಗೆ ಹೃದಯ, ಶ್ವಾಸಕೋಶ, ಥೈರಾಯ್ಡ್ ಹೀಗೆ ಬೇರೆ ಕಾರಣಗಳೂ ಇರುತ್ತವೆ. ಹೊಸದಾಗಿ ಶುರುವಾದದ್ದಾದರೆ ಡಾಕ್ಟರಿಗೆ ತೋರಿಸಲೇಬೇಕು.

ಅತ್ತಿಗೆಗೆ ಕಾರಣ ತಿಂಗಳ ರಕ್ತಸ್ರಾವ ಜಾಸ್ತಿ ಇದ್ದದ್ದು. ಅದಕ್ಕೆ ಮದ್ದು ಶುರುವಾಯಿತು, ಜೊತೆಗೆ ಕಬ್ಬಿಣದ ಗುಳಿಗೆ. ಮೊದಲ ಹದಿನೈದು ದಿನ ಗುಳಿಗೆಯನ್ನು ಚಹಾದ ಜೊತೆಗೇ ನುಂಗುತ್ತಿದ್ದರು. ಚಹಾ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಈಗ ಲಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳುತ್ತಾರೆ, ಚಹಾ ಎರಡು ಗಂಟೆ ಬಿಟ್ಟು. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 10.1ಕ್ಕೆ ಬಂತು.

ಮೊನ್ನೆ ಲಿಫ್ಟ್ ಮತ್ತೆ ಕೆಟ್ಟಿತು. ಅತ್ತಿಗೆ ಚೀಲ ಹಿಡಿದು ನಾಲ್ಕನೇ ಮಹಡಿಯವರೆಗೆ ನಿಲ್ಲದೆ ಹತ್ತಿ, ತಿರುಗಿ ನೋಡಿದರು. ಅಣ್ಣ ಮೂರರ ತಿರುವಿನಲ್ಲಿ ಕಂಬಿ ಹಿಡಿದು ನಿಂತಿದ್ದ. ಅವನ ಹಿಮೋಗ್ಲೋಬಿನ್ 15, ಇಸಿಜಿ ಎಲ್ಲ ಸರಿ ಇದೆ ಎಂದು ಡಾಕ್ಟರು ಹೋದ ತಿಂಗಳಷ್ಟೇ ಹೇಳಿದ್ದರು. ದಿನಕ್ಕೆ ಹನ್ನೆರಡು ಗಂಟೆ ಕುರ್ಚಿಯ ಮೇಲೆ.

"ನಿಮಗೆ ಉದಾಸೀನ" ಅಂದರಂತೆ ಅತ್ತಿಗೆ, ಮೇಲಿನಿಂದಲೇ.